ಹೋಂ ನರ್ಸ್ ಗೊತ್ತುಮಾಡುವ ಮುನ್ನ: ಯಾವ ಕೆಲಸಕ್ಕೆ ನೋಂದಣಿ ಬೇಕು, ಯಾವುದಕ್ಕೆ ಬೇಡ

ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಗೋವಾದ ಬಾಂಬೋಳಿಯಲ್ಲೋ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದ ಹಿರಿಯರನ್ನು ಊರಿಗೆ ಕರೆತರುವಾಗ, ಆಂಬುಲೆನ್ಸ್ ಇನ್ನೂ ದಾರಿಯಲ್ಲಿರುವಾಗಲೇ ಮನೆಯವರು ಫೋನ್ ಹಚ್ಚುತ್ತಾರೆ: ‘ಒಬ್ಬ ಹೋಂ ನರ್ಸ್ ಬೇಕಿತ್ತು, ಯಾರಾದರೂ ಇದ್ದಾರೆಯೇ?’ ಮರುದಿನ ಯಾರೋ ಒಬ್ಬರು ಬ್ಯಾಗು ಹಿಡಿದು ಬರುತ್ತಾರೆ. ಬಂದವರು ಮೂರು ವರ್ಷ ನರ್ಸಿಂಗ್ ಓದಿದವರೇ, ಆರು ತಿಂಗಳ ತರಬೇತಿ ಮುಗಿಸಿದವರೇ, ಏನೂ ಕಲಿಯದೆ ಕೆಲಸಕ್ಕೆ ಇಳಿದವರೇ ಎಂದು ಕೇಳುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಮೂವರನ್ನೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕರೆಯುವುದು ‘ಸಿಸ್ಟರ್’ ಎಂದೇ.

ಇದರ ಫಲ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಮೂಗಿನ ಆಹಾರದ ನಳಿಕೆ ರಾತ್ರಿ ಕಳಚಿ ಬಂದದ್ದನ್ನು ಮನೆಯ ಸಹಾಯಕಿಯೇ ಮತ್ತೆ ತಳ್ಳಿ, ಬೆಳಿಗ್ಗೆ ಅದರಲ್ಲಿ ಹಾಲು ಹಾಕಿ, ಮಧ್ಯಾಹ್ನ ಏದುಸಿರು ಬಿಡುತ್ತಾ ಬಂದ ಅಜ್ಜನನ್ನು ನಾನು ನೋಡಿದ್ದೇನೆ. ನಳಿಕೆ ಹೊಟ್ಟೆಯ ಬದಲು ಶ್ವಾಸನಾಳಕ್ಕೆ ಹೋಗಿತ್ತು. ಆ ಹುಡುಗಿ ಕೆಟ್ಟವಳಲ್ಲ. ತನ್ನದಲ್ಲದ ಕೆಲಸವನ್ನು ಅವಳ ಕೈಗೆ ಕೊಟ್ಟವರು ಮನೆಯವರು. ಅದಕ್ಕೇ ನಾನು ಮೊದಲು ಕೆಲಸವನ್ನು ನೋಡಿ, ಆಮೇಲೆ ಆಳನ್ನು ಹುಡುಕಿ ಎನ್ನುತ್ತೇನೆ.

ಹಂತ 1: ಪಟ್ಟಿ ಆಸ್ಪತ್ರೆಯಲ್ಲೇ ಸಿದ್ಧವಾಗಲಿ

ಡಿಸ್ಚಾರ್ಜ್ ಆಗುವ ಹಿಂದಿನ ದಿನ ವಾರ್ಡಿನ ನರ್ಸ್ ಬಳಿ ಕೂತು, ಮನೆಯಲ್ಲಿ ದಿನಕ್ಕೆ ಏನೇನು ಮಾಡಬೇಕು ಎಂದು ಕನ್ನಡದಲ್ಲಿ ಬರೆದುಕೊಳ್ಳಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಔಷಧಿಗಳ ಹೆಸರು ಇರುತ್ತದೆ, ಮೂತ್ರದ ನಳಿಕೆಯನ್ನು ಎಂದು ಬದಲಿಸಬೇಕು ಎಂಬುದು ಎಷ್ಟೋ ಸಲ ಇರುವುದಿಲ್ಲ. ಕೇಳಿ ಬರೆಸಿಕೊಳ್ಳಿ.

ಹಂತ 2: ಪಟ್ಟಿಯನ್ನು ಭಾಗ ಮಾಡಿ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಕಾನೂನು. 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ರಾಷ್ಟ್ರೀಯ ಅಥವಾ ರಾಜ್ಯದ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದವರು ಅರ್ಹ ವೃತ್ತಿಪರರಾಗಿ ನರ್ಸಿಂಗ್ ಮಾಡುವಂತಿಲ್ಲ ಎನ್ನುತ್ತದೆ ಅದು. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿ ‘ಅರ್ಹ ವೃತ್ತಿಪರರಾಗಿ’ ಎಂಬ ಮಾತನ್ನು ಗಮನಿಸಿ. ಮಗಳು ತಾಯಿಯ ಮೈ ಒರೆಸುವುದು, ಸೊಸೆ ಮಾವನಿಗೆ ಮಾತ್ರೆ ಕೊಡುವುದು ಈ ವೃತ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಯಾರ ಪರವಾನಗಿಯೂ ಬೇಡ. ಸಂಬಳಕ್ಕೆ ಇಟ್ಟುಕೊಂಡ ಸಹಾಯಕಿ ಅದೇ ಕೆಲಸ ಮಾಡಿದರೂ ಬೇಡ, ಅವಳು ತಾನು ನರ್ಸ್ ಎಂದು ಹೇಳಿಕೊಳ್ಳದಿದ್ದರೆ ಸರಿ.

ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿನಲ್ಲಿ ಸೂಜಿ ಚುಚ್ಚುವುದನ್ನು ನೋಡಿ, ‘ಅವರಿಗೂ ನೋಂದಣಿ ಇಲ್ಲವಲ್ಲ’ ಎಂದು ಕೆಲವರು ಕೇಳುತ್ತಾರೆ. ಅದು ಪಾಠದ ಭಾಗ, ಪಕ್ಕದಲ್ಲಿ ಕಲಿಸುವವರು ಇರುತ್ತಾರೆ. ಅದೇ ವಿದ್ಯಾರ್ಥಿ ರಜೆಯಲ್ಲಿ ನಿಮ್ಮ ಮನೆಗೆ ಸಲೈನ್ ಏರಿಸಲು ಬಂದರೆ ಆ ರಕ್ಷಣೆ ಅವರ ಜೊತೆ ಬರುವುದಿಲ್ಲ. ಇನ್ನು ತುರ್ತಿನ ಹೊತ್ತು. ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರ ಬೆನ್ನು ತಟ್ಟಲು, ಹೆದ್ದಾರಿ 66ರಲ್ಲಿ ಬಿದ್ದವರ ರಕ್ತ ಒತ್ತಿ ಹಿಡಿಯಲು ಯಾರೂ ಹಿಂಜರಿಯಬೇಕಿಲ್ಲ. ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಬಾರದಂತೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿದೆ.

ವಿದೇಶದಲ್ಲಿರುವ ಮಕ್ಕಳು ಅಲ್ಲಿನ ಕಾನೂನಿನ ಪುಟಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಗೊಂದಲ ಎಬ್ಬಿಸುವುದೂ ಉಂಟು. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ನರ್ಸಿಂಗ್ ಕಾಯ್ದೆ ಇದ್ದು, ವಿನಾಯಿತಿಗಳನ್ನು ಬಿಡಿಸಿ ಬರೆದಿರುತ್ತಾರೆ. ಕ್ಯಾಲಿಫೋರ್ನಿಯಾದ ಕಾಯ್ದೆಯ 2727ನೇ ಕಲಮು ಸ್ನೇಹಿತರು, ಮನೆಯವರು ಹಣ ಪಡೆಯದೆ ಮಾಡುವ ಆರೈಕೆ, ಮನೆಕೆಲಸದವರು ಪ್ರಾಸಂಗಿಕವಾಗಿ ಮಾಡುವ ಉಪಚಾರ, ಮನೆಮದ್ದು ಕೊಡುವುದು, ತುರ್ತಿನ ನೆರವು ಇವನ್ನೆಲ್ಲ ನೋಂದಣಿಯಿಂದ ಹೊರಗಿಡುತ್ತದೆ. ಮನೆಕೆಲಸದವರು ನರ್ಸಿಂಗ್ ಮಾಡಲು ಇಳಿಯಬಾರದು ಎಂಬ ಷರತ್ತೂ ಅಲ್ಲೇ ಇದೆ. ಓದಲು ಚೆನ್ನಾಗಿದೆ, ಆದರೆ ಕುಮಟೆಯ ಮನೆಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಅಷ್ಟು ಬಿಡಿಸಿದ ಮನೆಯ ಪಟ್ಟಿ ಇಲ್ಲದ ಕಾರಣ ಗೆರೆಯನ್ನು ನಾನು ಹೀಗೆ ಎಳೆಯುತ್ತೇನೆ.

ನೋಂದಣಿ ಬೇಡದ ಕೆಲಸಗಳು ದಿನದ ಬಹುಪಾಲನ್ನು ತುಂಬುತ್ತವೆ. ಮೈ ಒರೆಸುವುದು, ಬಾಯಿ ತೊಳೆಸುವುದು, ಡೈಪರ್ ಬದಲಿಸುವುದು, ಗಂಜಿ ಉಣ್ಣಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು, ಮೂತ್ರದ ಚೀಲ ಖಾಲಿ ಮಾಡಿ ಎಷ್ಟಿತ್ತು ಎಂದು ಬರೆಯುವುದು, ಬಿ.ಪಿ. ನೋಡುವುದು. ಇವಕ್ಕೆ ತಾಳ್ಮೆ ಮತ್ತು ಕೈಯ ಮೃದುತ್ವ ಸಾಕು. ನಿಮ್ಮ ಮನೆಗೆ ಇಷ್ಟೇ ಸಾಕಾಗಿದ್ದರೆ ನರ್ಸ್ ಹುಡುಕಿ ದುಡ್ಡು ಕಳೆಯಬೇಡಿ. ಪರಿಚಯದ, ನಂಬಿಕೆಯ ಊರಿನ ಹೆಂಗಸು ನರ್ಸಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಒಂದು ಮಾತು ಮಾತ್ರ ಅವಳಿಗೆ ಹೇಳಿ: ಮಲಗಿ ಮಲಗಿ ಸೊಂಟದಲ್ಲಿ ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕಬಾರದು. ಹಳೆಯ ಕಾಲದ ಈ ಅಭ್ಯಾಸ ಒಳಗಿನ ಮಾಂಸವನ್ನು ಇನ್ನಷ್ಟು ಕೆಡಿಸುತ್ತದೆ. ಔಷಧಿ ಅಂಗಡಿಯವರು ಕೊಡುವ ಗಾಳಿ ತುಂಬಿದ ರಬ್ಬರ್ ರಿಂಗ್ ಕೂಡ ಬೇಡ, ಸುತ್ತಲಿನ ರಕ್ತದ ಓಟವನ್ನು ಅದು ಒತ್ತಿ ಹಿಡಿಯುತ್ತದೆ. ಆ ದುಡ್ಡಿಗೆ ಇನ್ನೆರಡು ದಿಂಬು ತನ್ನಿ.

ನೋಂದಾಯಿತ ನರ್ಸ್ ಇಲ್ಲದೆ ಆಗಲೇಬಾರದ ಕೆಲಸಗಳು ಕಡಿಮೆ, ಆದರೆ ಜೀವಕ್ಕೆ ಹತ್ತಿರದವು. ರಕ್ತನಾಳಕ್ಕೆ ಸೂಜಿ ಅಥವಾ ಸಲೈನ್, ಮೂಗಿನ ನಳಿಕೆ ಹೊಸದಾಗಿ ಹಾಕುವುದು, ಗಂಟಲಿಗೆ ರಂಧ್ರ ಮಾಡಿ ಕೂರಿಸಿದ ಟ್ರಕಿಯಾಸ್ಟಮಿಯ ಕಫ ಎಳೆಯುವುದು, ಆಳವಾದ ಹಾಸಿಗೆ ಹುಣ್ಣಿನ ಡ್ರೆಸಿಂಗ್. ಮೂತ್ರದ ನಳಿಕೆ ಹಾಕುವುದಷ್ಟೇ ಅಲ್ಲ, ತೆಗೆಯುವುದೂ ಇದೇ ಸಾಲಿನದು. ಅದರ ತುದಿಯಲ್ಲಿ ನೀರು ತುಂಬಿದ ಪುಟ್ಟ ಬಲೂನು ಮೂತ್ರಕೋಶದೊಳಗೆ ಉಬ್ಬಿ ಕೂತಿರುತ್ತದೆ. ಆ ನೀರನ್ನು ಸಿರಿಂಜಿನಿಂದ ಎಳೆಯದೆ ನಳಿಕೆಯನ್ನು ಜಗ್ಗಿದರೆ ಮೂತ್ರನಾಳ ಹರಿದು ರಕ್ತ ಸುರಿಯುತ್ತದೆ. ಔಷಧಿಯ ಪ್ರಮಾಣ ಬದಲಿಸುವುದು ನರ್ಸಿನ ಕೆಲಸವೂ ಅಲ್ಲ, ಅದು ವೈದ್ಯರದು.

ನಡುವೆ ಮೂರನೆಯ ಗುಂಪೊಂದಿದೆ: ಮನೆಯವರು ಆಸ್ಪತ್ರೆಯಲ್ಲಿ ಕಲಿತು ಮಾಡಬಹುದಾದವು. ಇನ್ಸುಲಿನ್ ಮತ್ತು ನಳಿಕೆಯ ಊಟ ಇಲ್ಲಿ ಬರುತ್ತವೆ. ಇವನ್ನು ಬಾಡಿಗೆಯ ಸಹಾಯಕಿಗಿಂತ ಮನೆಯ ಒಬ್ಬರೇ ಕಲಿಯುವುದು ನನಗೆ ಇಷ್ಟ, ಏಕೆಂದರೆ ಆಳು ಬದಲಾಗುತ್ತಾಳೆ, ನೀವು ಬದಲಾಗುವುದಿಲ್ಲ. ನಳಿಕೆಯಲ್ಲಿ ಊಟ ಹಾಕುವಾಗ ತಲೆ ಮತ್ತು ಎದೆ ಎತ್ತರದಲ್ಲಿರಲಿ, ಆಮೇಲೂ ಅರ್ಧದಿಂದ ಒಂದು ಗಂಟೆ ಮಲಗಿಸಬೇಡಿ. ಮೂಗಿನ ಬಳಿ ನಳಿಕೆಯ ಮೇಲಿನ ಗುರುತು ಸರಿದಿದ್ದರೆ ಊಟ ನಿಲ್ಲಿಸಿ, ನರ್ಸಿಗೆ ಫೋನ್ ಮಾಡಿ.

ಇನ್ಸುಲಿನ್‌ನಲ್ಲಿ ಅಪಾಯ ಇರುವುದು ಸೂಜಿಯಲ್ಲಿ ಅಲ್ಲ, ಸಿರಿಂಜಿನ ಟೋಪಿಯ ಬಣ್ಣದಲ್ಲಿ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. 40ರದಕ್ಕೆ ಕೆಂಪು ಟೋಪಿಯ ಸಿರಿಂಜ್, 100ರದಕ್ಕೆ ಕಿತ್ತಳೆ ಟೋಪಿಯದು. ಬಾಟಲಿ 100ರದು, ಸಿರಿಂಜ್ ಕೆಂಪು ಟೋಪಿಯದು ಎಂದಾದರೆ, ನೀವು 20ರ ಗೆರೆಯವರೆಗೆ ಎಳೆದಾಗ ಮೈಗೆ ಹೋಗುವುದು 50 ಯೂನಿಟ್. ರೋಗಿ ಬೆವತು, ಪ್ರಜ್ಞೆ ತಪ್ಪುವಷ್ಟು ಸಕ್ಕರೆ ಇಳಿಯುತ್ತದೆ. ಬಾಟಲಿಯ ಮೇಲಿನ ಅಂಕೆಯನ್ನೂ ಟೋಪಿಯನ್ನೂ ಪ್ರತಿ ಸಲ ಒಟ್ಟಿಗೆ ಹಿಡಿದು ನೋಡಿ. ಔಷಧಿ ಅಂಗಡಿಯಲ್ಲಿ ‘ಎರಡೂ ಒಂದೇ, ನಡೆಯುತ್ತದೆ’ ಎಂದರೆ ಹಿಂದಿರುಗಿಸಿ ಬನ್ನಿ.

ಹಂತ 3: ಕಾಗದ ನೋಡುವುದು

ಪಟ್ಟಿಯ ಎರಡನೇ ಗುಂಪಿನ ಕೆಲಸ ಒಂದಾದರೂ ಇದ್ದರೆ ನೋಂದಾಯಿತ ನರ್ಸ್ ಬೇಕು. ‘ಸರ್ಟಿಫಿಕೇಟ್ ಇದೆಯೇ’ ಎಂದು ಕೇಳಬೇಡಿ, ಎಲ್ಲರ ಬಳಿಯೂ ಒಂದು ಸರ್ಟಿಫಿಕೇಟ್ ಇರುತ್ತದೆ. ‘ನರ್ಸಿಂಗ್ ಪರಿಷತ್ತಿನ ನೋಂದಣಿ ಪತ್ರ ತೋರಿಸಿ’ ಎಂದು ಕೇಳಿ.

ನೋಂದಣಿಗೆ ಒಯ್ಯುವ ಓದು ಬೆರಳೆಣಿಕೆಯದು: ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸಿಂಗ್ ಮತ್ತು ಮಿಡ್‌ವೈಫರಿ, ಅಂದರೆ ಹೆರಿಗೆ ಆರೈಕೆ), ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ), ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಆರು ತಿಂಗಳ, ಒಂದು ವರ್ಷದ ‘ನರ್ಸಿಂಗ್ ಅಸಿಸ್ಟೆಂಟ್’, ‘ಹೋಂ ಹೆಲ್ತ್ ಏಡ್’, ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ತರಬೇತಿಗಳು ಮೊದಲ ಗುಂಪಿನ ಕೆಲಸಕ್ಕೆ ಒಳ್ಳೆಯವೇ. ಅವುಗಳಿಂದ ನರ್ಸ್ ಎಂಬ ನೋಂದಣಿ ಸಿಗುವುದಿಲ್ಲ. ಚಿನ್ನದ ಬಣ್ಣದ ಅಂಚು, ದೊಡ್ಡ ಮುದ್ರೆ, ದೆಹಲಿಯ ವಿಳಾಸ ನೋಡಿ ಮರುಳಾಗಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪತ್ರ ಕೂಡ ಓದು ಮುಗಿಸಿದ್ದಕ್ಕೆ ಸಾಕ್ಷಿಯಷ್ಟೇ, ನೋಂದಣಿ ಪತ್ರ ಬೇರೆಯದೇ.

ನೋಂದಣಿ ಪತ್ರ ಕೈಗೆ ಬಂದ ಮೇಲೆ ಪರಿಷತ್ತಿನ ಹೆಸರು ನೋಡಿ. 1961ರ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದ ನೋಂದಣಿ ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್. ಕಾರವಾರದ ಕಡೆ ಗೋವಾದಿಂದ, ಮಹಾರಾಷ್ಟ್ರದಿಂದ, ಕೇರಳದಿಂದ ಬಂದವರು ಅಲ್ಲಿನ ಪತ್ರ ತೋರಿಸುತ್ತಾರೆ. ಅವರು ನರ್ಸ್ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಇಲ್ಲಿ ನೆಲೆಸಿ ಕೆಲಸ ಮಾಡುವವರು ನೋಂದಣಿಯನ್ನು ಇಲ್ಲಿಗೂ ತಂದುಕೊಂಡಿರಬೇಕು. ಆಮೇಲೆ ನವೀಕರಣದ ದಿನಾಂಕ. ಮದುವೆಯಾಗಿ ಎಷ್ಟೋ ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದವರ ಪತ್ರ ಹಳೆಯದಾಗಿರುವುದು ಇಲ್ಲೇ ಸಿಕ್ಕಿಬೀಳುತ್ತದೆ. ಹೆಸರು ಆಧಾರ್‌ನೊಂದಿಗೆ ತಾಳೆಯಾಗಬೇಕು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಅದಕ್ಕೊಂದು ದಾಖಲೆ ಕೇಳಿ, ಅನುಮಾನಿಸಿ ಮಾತಾಡಬೇಡಿ. ಭಾರತೀಯ ನರ್ಸಿಂಗ್ ಪರಿಷತ್ತು ನರ್ಸುಗಳಿಗೆ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆಯೊಂದನ್ನು ಕೊಡುತ್ತದೆ, ಎನ್‌ಯುಐಡಿ ಎಂದು ಅದರ ಹೆಸರು. ಆ ಸಂಖ್ಯೆಯಿದ್ದರೆ ಇನ್ನೂ ಒಳ್ಳೆಯದು.

ಮೊಬೈಲಿನಲ್ಲಿ ತೋರಿಸುವ ಫೋಟೊ ಒಪ್ಪಬೇಡಿ. ಮೂಲಪತ್ರ ನೋಡಿ, ಸಂಖ್ಯೆ ಬರೆದುಕೊಂಡು ರಾಜ್ಯ ಪರಿಷತ್ತಿನಲ್ಲಿ ವಿಚಾರಿಸಿ. ನಿಜವಾದ ನರ್ಸ್ ಇದಕ್ಕೆ ಬೇಸರ ಪಡುವುದಿಲ್ಲ. ವರ್ಷಗಟ್ಟಲೆ ಓದಿ ಪಡೆದ ಕಾಗದವನ್ನು ಯಾರಾದರೂ ಕೇಳಿ ನೋಡಿದರೆ ನಮಗೆ ಗೌರವವೇ ಅನ್ನಿಸುತ್ತದೆ.

ಮತ್ತೊಂದು ಮಾತು: ಎಎನ್‌ಎಂ ಓದಿನ ಒತ್ತು ತಾಯಿ, ಮಗು ಮತ್ತು ಹಳ್ಳಿಯ ಆರೋಗ್ಯದ ಮೇಲೆ. ಟ್ರಕಿಯಾಸ್ಟಮಿ ಇರುವ ರೋಗಿಗೆ ಜಿಎನ್‌ಎಂ ಅಥವಾ ಬಿ.ಎಸ್ಸಿ. ಆದವರನ್ನೇ ಹುಡುಕಿ.

ಇಡೀ ದಿನದ ನರ್ಸ್ ಕೈಗೆಟುಕದಿದ್ದರೆ ಅಡ್ಡದಾರಿ ಹಿಡಿಯಬೇಕಿಲ್ಲ. ದಿನದ ಆರೈಕೆಗೆ ಊರಿನ ಸಹಾಯಕಿಯನ್ನಿಟ್ಟು, ನಳಿಕೆ ಬದಲಿಸಲು, ಹುಣ್ಣು ತೊಳೆಯಲು ನರ್ಸ್ ಬಂದು ಹೋಗುವಂತೆ ಮಾಡಿಕೊಳ್ಳಿ. ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಸಾಮಾನ್ಯವಾಗಿ ನರ್ಸಿಂಗ್ ಓದಿ ನೋಂದಣಿ ಪಡೆದವರೇ. ಮೊದಲು ಅವರನ್ನು ಕಂಡು ಮಾತಾಡಿ. ಆಶಾ ಕಾರ್ಯಕರ್ತೆಯನ್ನು ಸೂಜಿ ಚುಚ್ಚಲು ಕರೆಯಬೇಡಿ, ಪಾಪ, ಅವರಿಗೆ ಇಲ್ಲ ಎನ್ನಲು ಕಷ್ಟವಾಗುತ್ತದೆ.

ಹಂತ 4: ಏಜೆನ್ಸಿಯ ಒಪ್ಪಂದ

ಯಾವ ಕೆಲಸ ಮಾಡುತ್ತಾರೆ, ಯಾವುದನ್ನು ಮಾಡುವುದಿಲ್ಲ ಎಂದು ಬರವಣಿಗೆಯಲ್ಲಿ ಪಡೆಯಿರಿ. ‘ಎಲ್ಲ ಮಾಡುತ್ತಾರೆ’ ಎನ್ನುವ ಏಜೆನ್ಸಿ ಬೇಡ. ಗುರುತಿನ ಚೀಟಿಯ ಪ್ರತಿಯನ್ನು ಠಾಣೆಗೆ ಕೊಟ್ಟಿಡಿ.

ಹಂತ 5: ಮಳೆಗಾಲದ ಸಿದ್ಧತೆ

2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ಕರಾವಳಿಯವರು ಮರೆತಿಲ್ಲ. ದೇವಿಮನೆ, ಅರಬೈಲು ಘಟ್ಟಗಳಲ್ಲೂ ಮಳೆಗಾಲದ ದಾರಿಯನ್ನು ನೆಚ್ಚಲಾಗುವುದಿಲ್ಲ. ನರ್ಸ್ ಕುಮಟೆಯವರು, ನಿಮ್ಮ ಮನೆ ಶಿರಸಿಯ ಒಳಹಳ್ಳಿಯಲ್ಲಿ ಎಂದಾದರೆ ಅವರು ಬಾರದ ದಿನ ಯಾರು ಬರುತ್ತಾರೆ ಎಂದು ಮೇ ತಿಂಗಳಲ್ಲೇ ಗೊತ್ತುಮಾಡಿ. ನಳಿಕೆ ಬದಲಿಸುವ ದಿನ ಮಳೆಯ ನಡುವೆ ಬರುವಂತಿದ್ದರೆ ಮೊದಲೇ ವೈದ್ಯರೊಂದಿಗೆ ಮಾತಾಡಿಕೊಳ್ಳಿ. ಕಫ ಎಳೆಯುವ ಯಂತ್ರಕ್ಕೆ ಬ್ಯಾಟರಿ ಇರಲೇಬೇಕು. ಕರೆಂಟಿಗಷ್ಟೇ ನಡೆಯುವ ಅಗ್ಗದ ಯಂತ್ರ ನಮ್ಮ ಮಲೆನಾಡಿಗೆ ಆಗುವುದಿಲ್ಲ, ಕರೆಂಟು ಹೋದ ರಾತ್ರಿ ಅದು ನಿರುಪಯೋಗಿ.

ಹಂತ 6: ಮೊದಲ ದಿನ

ಪಟ್ಟಿಯನ್ನು ರೋಗಿಯ ಕೋಣೆಯ ಗೋಡೆಗೆ ಅಂಟಿಸಿ, ನರ್ಸ್ ಮಾತ್ರ ಮಾಡಬೇಕಾದ ಕೆಲಸದ ಕೆಳಗೆ ಕೆಂಪು ಗೆರೆ ಎಳೆಯಿರಿ. ಸಹಾಯಕಿಯ ಎದುರೇ ಓದಿ ಹೇಳಿ: ‘ಕೆಂಪು ಗೆರೆಯದನ್ನು ನೀನು ಮಾಡಬೇಡ ತಂಗಿ, ಯಾರು ಹೇಳಿದರೂ ಮಾಡಬೇಡ, ನಾನು ಹೇಳಿದರೂ ಮಾಡಬೇಡ.’ ರಾತ್ರಿ ಗಾಬರಿಯಲ್ಲಿ ನೀವೇ ಒತ್ತಾಯಿಸುವ ಹೊತ್ತು ಬರುತ್ತದೆ, ಆಗ ಅವಳಿಗೆ ಈ ಮಾತಿನ ಆಸರೆ ಬೇಕು. ಏಜೆನ್ಸಿಯವರು ನಡುವೆ ಆಳನ್ನು ಬದಲಿಸುವುದು ಸಾಮಾನ್ಯ. ಹಳೆಯ ನರ್ಸ್ ರಜೆಗೆ ಹೋಗಿ ಹೊಸಬರು ಬಾಗಿಲಲ್ಲಿ ನಿಂತ ದಿನ ಮೂರನೇ ಹಂತದಿಂದ ಮತ್ತೆ ಶುರು ಮಾಡಿ, ನೋಂದಣಿ ಸಂಖ್ಯೆ ತಾಳೆಯಾಗುವವರೆಗೆ ಮೊದಲ ಗುಂಪಿನ ಕೆಲಸಗಳನ್ನಷ್ಟೇ ಅವರಿಗೆ ಕೊಡಿ.