ವರದಿಯಲ್ಲಿ ಗಾಳಿ, ಕೈಗೆ ಸಿಕ್ಕಿದ್ದು ಅಡಿಕೆ ದಬ್ಬೆ

ರೆಪ್ಪೆಯ ಗಾಯಕ್ಕೆ ಹೊಲಿಗೆ ಹಾಕಿ ಮೂರು ವಾರವಾದರೂ ಕೀವು ನಿಲ್ಲದಿದ್ದರೆ, ಒಳಗೆ ಏನೋ ಉಳಿದಿದೆ ಎಂದೇ ನನ್ನ ಲೆಕ್ಕ. ಸಾಗರದ ಕಡೆಯ ಕೊನೆಗಾರನೊಬ್ಬ (ಮರ ಹತ್ತಿ ಅಡಿಕೆ ಗೊನೆ ಇಳಿಸುವವ) ಬೈಕಿನಿಂದ ಜಾರಿ, ಅಡಿಕೆ ಮರ ಸೀಳಿ ಮಾಡಿದ ದಬ್ಬೆಗಳ ಬೇಲಿಯ ಮೇಲೆ ಬಿದ್ದಿದ್ದ. ನನ್ನಲ್ಲಿಗೆ ಬರುವಷ್ಟರಲ್ಲಿ ಎರಡು ಸುತ್ತು ಆಂಟಿಬಯಾಟಿಕ್ ಮುಗಿದು, ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತ್ತು. ಸಿ.ಟಿ. ಸ್ಕ್ಯಾನಿನ ವರದಿ ‘ಆರ್ಬಿಟ್‌ನ (ಕಣ್ಣುಗುಳಿಯ) ಮೇಲ್ಭಾಗದಲ್ಲಿ ಗಾಳಿ’ ಎನ್ನುತ್ತಿತ್ತು.

“ಬರೀ ಗಾಳಿಯಾದರೆ ಇಷ್ಟು ದಿನ ಕೀವು ಸುರಿಯುತ್ತದೆಯೇ ಡಾಕ್ಟರೇ?” ಎಂದು ಅವನ ತಾಯಿ ಕೇಳಿದರು. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಬಿದ್ದ ದಿನದ ಸ್ಕ್ಯಾನಿನ ಸಿ.ಡಿ. ಅವರ ಚೀಲದಲ್ಲೇ ಇತ್ತು. ಹೊಸದರ ಪಕ್ಕದಲ್ಲಿಟ್ಟು ನೋಡಿದೆ. ಅದೇ ಜಾಗ, ಅದೇ ಉದ್ದ, ಗೆರೆ ಎಳೆದಂಥ ಅಂಚು. ಗಾಳಿಯಾಗಿದ್ದರೆ ಇಷ್ಟರಲ್ಲಿ ಕರಗಿರಬೇಕಿತ್ತು. ವಿಂಡೋವನ್ನು, ಅಂದರೆ ಪರದೆಯಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ತೋರಿಸುವ ವ್ಯಾಪ್ತಿಯನ್ನು, ಶ್ವಾಸಕೋಶಕ್ಕೆ ಇಡುವಷ್ಟು ಅಗಲ ಮಾಡಿದಾಗ ಸೈನಸ್‌ನ (ಮುಖದ ಮೂಳೆಯೊಳಗಿನ ಟೊಳ್ಳಿನ) ಗಾಳಿ ಕಡುಗಪ್ಪಾಗಿಯೇ ಉಳಿಯಿತು. ಇದು ಬೂದಿಯ ಬಣ್ಣಕ್ಕೆ ತಿರುಗಿತು, ಒಳಗೆ ನಾರಿನ ಗೀರುಗಳು. ಸಿ.ಟಿ.ಯ ಸಾಂದ್ರತೆಯ ಅಳತೆಯಲ್ಲಿ ಗಾಳಿ ಮೈನಸ್ 1000, ನೀರು ಸೊನ್ನೆ. ಇದು ನೆನಪಿರುವಂತೆ ಮೊದಲ ಸ್ಕ್ಯಾನಿನಲ್ಲಿ ಮೈನಸ್ 550, ಎರಡನೆಯದರಲ್ಲಿ ಮೈನಸ್ 350. ನೀರು ಕುಡಿಯುತ್ತಿರುವ ಮರವದು! ಎಂ.ಆರ್.ಐ. ಮಾಡಿಸಿ ಎಂದವರಿದ್ದರು. ಅದರ ಅಯಸ್ಕಾಂತ ಕಬ್ಬಿಣದ ಚೂರನ್ನು ಎಳೆದಾಡುತ್ತದೆ, ಇದೋ ತಂತಿ ಬಿಗಿದ ಬೇಲಿ. ಲೋಹವಿಲ್ಲ ಎಂಬುದು ಖಚಿತವಾಗದೆ ನಾನು ಕಳಿಸುವುದಿಲ್ಲ. ಖಚಿತವಾದ ಮೇಲೆ ಅದರ ಅಗತ್ಯವೇ ಬೀಳಲಿಲ್ಲ.

ಅದು ಮರವೆಂದು ನಂಬದ ಇಬ್ಬರು ಗೆಳೆಯರಿಗಾಗಿ ಮೇಕೆ ತಲೆಯೊಂದನ್ನು ತರಿಸಿ, ಕಣ್ಣಿನ ಪಕ್ಕ ಒಣ ದಬ್ಬೆ, ಐದು ದಿನ ನೆನೆಸಿದ ದಬ್ಬೆ, ಬಿದಿರು ಚುಚ್ಚಿ ಸ್ಕ್ಯಾನ್ ಮಾಡಿಸಿದೆ. ತಲೆಗೆ ನಾನೂರು, ಸ್ಕ್ಯಾನಿಗೆ ಎರಡು ಸಾವಿರ, ಎಲ್ಲ ನನ್ನ ಜೇಬಿನಿಂದ. ಒಣಗಿದ್ದು ಗಾಳಿಯಂತೆ ಕಂಡಿತು. ನೆನೆದದ್ದನ್ನು ಮಾಂಸ, ಕೊಬ್ಬಿನ ನಡುವೆ ಹುಡುಕಬೇಕಾಯಿತು.

ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಸೋತೆ. ಕೀವಿನ ದಾರಿಯಲ್ಲೇ ಹೋದಾಗ ದಬ್ಬೆಯ ಎರಡು ಸೀಳು ಬಂದವು, ಸಾಕೆಂದು ಮುಚ್ಚಿದೆ. ಹನ್ನೆರಡನೇ ದಿನ ಮತ್ತೆ ಕೀವು. ಸಿಕ್ಕ ತುಂಡುಗಳನ್ನು ಸ್ಕ್ಯಾನಿನ ಅಳತೆಗೆ ಹೋಲಿಸಿ ನೋಡಿರಲಿಲ್ಲ. ತಪ್ಪು ನನ್ನದು, ಹಾಗಾಗಿ ಎರಡನೇ ಸಲ ಹಣ ಮುಟ್ಟಲಿಲ್ಲ. ಈ ಬಾರಿ ಹುಬ್ಬಿನ ಕೆಳಗೆ ಹೊಸದಾಗಿ ಕೊಯ್ದು ಹೋದೆ. ದಬ್ಬೆ ನಾರುನಾರಾಗಿ ಬಿಡುವ ಮರ, ಅವಸರದಲ್ಲಿ ಎಳೆದರೆ ತುದಿ ಒಳಗೇ ಉಳಿಯುತ್ತದೆ. ಒಡೆಯದಂತೆ ತರುವ ನನ್ನ ಹಿಡಿತ ಬರೆದು ಕಲಿಸುವಂಥದ್ದಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಮೂರು ಸೆಂಟಿಮೀಟರಿನ ಕರಿ ಚಕ್ಕೆ. ಗಾಜ್ ಬಟ್ಟೆಯ ಮೇಲೆ ಹಳೆಯ ಎರಡು ಸೀಳುಗಳ ಜೊತೆ ಜೋಡಿಸಿದಾಗ ಸ್ಕ್ಯಾನಿನ ಉದ್ದಕ್ಕೆ ಸರಿಹೋಯಿತು. ನಾಲ್ಕನೇ ದಿನ ಕೀವು ನಿಂತಿತು. ಮುಂದಿನ ಕೊಯ್ಲಿಗೆ ಅವನು ಮರ ಹತ್ತಿದ. ಆಗ ನಂಬದಿದ್ದ ಗೆಳೆಯರು ಈಗ ನೇರ ಅಂಚಿನ ಗಾಳಿ ಕಂಡರೆ ಮೊದಲು ನನಗೆ ಫೋನ್ ಮಾಡುತ್ತಾರೆ.