ಸೋಣದ ಮಳೆಯಲ್ಲಿ ಓಪನ್ ಸ್ಟುಡಿಯೋ: ನನ್ನ ಅನುಭವ

"ಈ ಮಳೆಗೆ ಮಣ್ಣಿನ ಶಿಲ್ಪ ನೋಡಲು ಯಾರು ಬರ್ತಾರೆ ಮಾರಾಯ" ಅಂತ ಕೇಳಿದವರೇ ಜಾಸ್ತಿ. ಅದೂ ಕಾಸರಗೋಡಿನ ಪೆರ್ಲದಿಂದ ಒಳಗೆ, ಬಸ್ಸಿಳಿದು ತೋಟದ ನಡುವೆ ನಡೆಯಬೇಕಾದ ಮನೆಗೆ. ಈ ಸಲ ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಶನಿವಾರ, ಭಾನುವಾರಗಳಲ್ಲಿ ಸ್ಟುಡಿಯೋ ತೆರೆದಿಟ್ಟೆ. ಹೆಚ್ಚುಕಡಿಮೆ 300 ಜನ ಬಂದಿರಬಹುದು. ದೊಡ್ಡ ಶಿಲ್ಪಗಳಲ್ಲಿ ಒಂದೆರಡು ಬಿಟ್ಟು ಎಲ್ಲ ಹೋಯಿತು. ಹಾಗಾಗಿ ಈಗ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಮಣ್ಣಿನ ಕೆಲಸ ಗೊತ್ತಿದ್ದವರಿಗಾಗಿ ಬರೆಯುವುದು, ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ.

ನಾನು ಮಾಡುವುದು ಹುತ್ತ, ಅಡಿಕೆ ಹಾಳೆ, ಪದವಿನ (ಗುಡ್ಡದ ಮೇಲಿನ ಬಯಲಿನ) ಮುರಕಲ್ಲು (ಜಂಬಿಟ್ಟಿಗೆ), ಇಂಥವುಗಳ ಆಕಾರ. ಪುದುಚೇರಿಯಲ್ಲಿ 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರುವಾದ ಮೇಲೆ ಈ ಕಡೆಯ ಸ್ಟುಡಿಯೋದವರು ತುಂಬಾ ಜನ, ಹೆಚ್ಚು ಶಾಖದಲ್ಲಿ ಸುಟ್ಟು ಕಲ್ಲಿನ ಹಾಗೆ ಗಟ್ಟಿ ಮಾಡುವ ಸ್ಟೋನ್‌ವೇರ್ ದಾರಿ ಹಿಡಿದರು. ನಾನೂ ವರ್ಷಗಟ್ಟಲೆ ಅದೇ ದಾರಿಯಲ್ಲಿದ್ದೆ. ಗುಜರಾತಿನ ಥಾನ್‌ಗಢದಿಂದ ಮಣ್ಣು ತರಿಸುವುದು, ಮಣ್ಣಿಗಿಂತ ಲಾರಿ ಬಾಡಿಗೆಯೇ ಜಾಸ್ತಿ ಕೊಡುವುದು. ಮನೆ ಸುತ್ತ ಕೆಂಪು ಮಣ್ಣಿದ್ದೂ ಇದೆಂಥ ಕರ್ಮ ಅನಿಸಿತು.

ನಮ್ಮಲ್ಲಿ ಕಲ್ಲಿನ ಕೋರೆಗಳಿಗೆ ಬರವಿಲ್ಲ. ಮೆಷಿನ್ ಕೊಯ್ದ ಧೂಳು ರಾಶಿ ಬಿದ್ದಿರುತ್ತದೆ, ಯಾರಿಗೂ ಬೇಡ. ಅದನ್ನು 30 ಮೆಶ್‌ನಲ್ಲಿ (ಇಂಚಿಗೆ 30 ತೂತು) ಜರಡಿ ಹಿಡಿದು ಗದ್ದೆ ಮಣ್ಣಿಗೆ ಕಾಲು ಭಾಗದಷ್ಟು ಸೇರಿಸಿದೆ. ಮೇಲಿಂದ ಉಮಿ, ಮರದ ಹುಡಿ, ಸ್ವಲ್ಪ ನೆನೆಸಿ ಅರೆದ ಕಾಗದ. ಸುಡುವಾಗ ಉಮಿ ಉರಿದುಹೋಗಿ ತೂತು ಉಳಿಯುತ್ತದೆ, ಥೇಟ್ ಮುರಕಲ್ಲು. ಪರಿಚಯದ ಹಿರಿಯ ಕುಂಬಾರರೊಬ್ಬರು ಹಸಿ ಮಣ್ಣನ್ನು ಹಿಸುಕಿ ನೋಡಿ, "ಇದು ಒಂದು ಮಳೆಗಾಲ ತಡೆಯುವುದಿಲ್ಲ" ಅಂದರು. ಬೆಂಗಳೂರಿನ ಸ್ನೇಹಿತರು ಇನ್ನೂ ಮುಂದೆ ಹೋಗಿ, ಇದು ಸೆರಾಮಿಕ್ಕೇ ಅಲ್ಲ, ಇಟ್ಟಿಗೆ ಅಂದರು. ಆಗಲಿ, ಇಟ್ಟಿಗೆಯೇ.

ಶುರುವಿಗೆ ಅವರ ಮಾತೇ ನಿಜವಾಗುವ ಹಾಗಿತ್ತು. ಕಬ್ಬಿಣ ಜಾಸ್ತಿ ಇರುವ ಮಣ್ಣು, 1150 ಡಿಗ್ರಿ ದಾಟಿಸಿದಾಗ ಉಬ್ಬಿ ಭಟ್ಟಿಯೊಳಗಿನ ಶೆಲ್ಫಿಗೆ ಅಂಟಿಕೊಂಡಿತು. ಸಿಲಿಕಾನ್ ಕಾರ್ಬೈಡ್ ಶೆಲ್ಫುಗಳು ಹೋದವು, ಒಂದೊಂದಕ್ಕೆ ಮೂರು ನಾಲ್ಕು ಸಾವಿರ. 1000ಕ್ಕಿಂತ ಕೆಳಗೆ ನಿಲ್ಲಿಸಿದರೆ ಅಂಚು ಉದುರುತ್ತಿತ್ತು. ಈಗ 1060ರ ಆಸುಪಾಸಿನಲ್ಲಿ ನಿಂತಿದ್ದೇನೆ. ಉಮಿ ಸರಿಯಾಗಿ ಉರಿಯದಿದ್ದರೆ ಒಳಗೆ ಕಪ್ಪು ತಿರುಳು ಉಳಿದು, ಶಾಖ ಮೇಲೆ ಹೋದ ಹಾಗೆ ಅಲ್ಲೇ ಉಬ್ಬುತ್ತದೆ. ಹಾಗಾಗಿ 300ರಿಂದ 700ರವರೆಗೆ ಡ್ಯಾಂಪರ್ (ಭಟ್ಟಿಯ ಹೊಗೆದಾರಿಯ ಮುಚ್ಚಳ) ಪೂರ್ತಿ ತೆರೆದು ನಿಧಾನ ಹೋಗಬೇಕು. ನಡುವೆ ಎಲ್ಲಿ, ಎಷ್ಟು ಹೊತ್ತು ಹಿಡಿದು ನಿಲ್ಲಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಸುಟ್ಟ ಗ್ಯಾಸಿನ ಲೆಕ್ಕ ನನಗೇ ಗೊತ್ತು. ಒಂದು ಫೈರಿಂಗಿಗೆ ಈಗಲೂ 19 ಕೆಜಿಯ ಸಿಲಿಂಡರ್ ಒಂದೂವರೆ ಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮಣ್ಣಿನೊಳಗಿನ ಕಪ್ಪೆಚಿಪ್ಪು. ಮೊದಲ ಲೋಡು ಮಣ್ಣು ಶಿರಿಯಾ ಹೊಳೆಯ ಕೆಳಗಿನ, ಸಮುದ್ರದ ಹತ್ತಿರದ ಗದ್ದೆಯದು. ನುಣುಪಾಗಿ, ಬೆಣ್ಣೆ ಬೆಣ್ಣೆಯಾಗಿ ಇತ್ತು. ಸುಟ್ಟದ್ದೂ ಚೆನ್ನಾಗಿ ಬಂತು, ಮಂಗಳೂರಿನವರು ಕೆಲವರು ಕೊಂಡುಹೋದರು. ಮಳೆ ಹಿಡಿದ ಮೇಲೆ ಒಬ್ಬೊಬ್ಬರೇ ಫೋಟೋ ಕಳಿಸತೊಡಗಿದರು. ಹಾಳೆಯ ಬೆನ್ನಿನಲ್ಲಿ ಉಗುರಗಲ ಚಕ್ಕೆ ಎದ್ದು ಬಿದ್ದಿದೆ, ಗುಳಿಯ ನಡುವೆ ಸಾಸಿವೆ ಗಾತ್ರದ ಬಿಳಿ ಚುಕ್ಕೆ. ಚಿಪ್ಪಿನ ಚೂರು ಸುಟ್ಟು ಸುಣ್ಣವಾಗಿ, ಗಾಳಿಯ ತೇವ ಕುಡಿದು ಉಬ್ಬಿ, ಮೇಲಿನ ಮಣ್ಣನ್ನು ಎಬ್ಬಿಸಿಬಿಡುತ್ತದೆ. ಸುಟ್ಟ ದಿನ ಏನೂ ಕಾಣುವುದಿಲ್ಲ, ವಾರಗಳ ಮೇಲೆ ಟಪ್ ಅಂತ ಸಿಡಿಯುತ್ತದೆ. ಹತ್ತಿರ ಹತ್ತಿರ 40 ಸಾವಿರ ವಾಪಸ್ ಕೊಟ್ಟೆ. ಈಗ ಮಣ್ಣು ತರುವುದು ಒಳನಾಡಿನ ಗದ್ದೆಯಿಂದಲೇ. ಅದನ್ನೂ ನೀರಲ್ಲಿ ಕಲಕಿ 80 ಮೆಶ್ ದಾಟಿಸಿಯೇ ಬಳಸುವುದು.

ಒಣಗಿಸುವ ತಾಪತ್ರಯ ನಿಮಗೆಲ್ಲ ಗೊತ್ತಿದ್ದದ್ದೇ. ಸಣ್ಣವು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ, ದೊಡ್ಡವಕ್ಕೆ ಟಾರ್ಪಾಲಿನ ಗೂಡು ಮತ್ತು ಹಳೇ ಬಲ್ಬು.

ಇನ್ನು ಪ್ರದರ್ಶನ. ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಇಟ್ಟಿದ್ದೆ. ಮಾರಾಟ ಆದದ್ದು 60 ಸಾವಿರದ ಚಿಲ್ಲರೆ, ಅದರಲ್ಲಿ ನೂರಕ್ಕೆ 40 ಅವರಿಗೆ. ಕ್ರೇಟು, ಲಾರಿ, ನನ್ನ ಊಟ-ವಸತಿ ಸೇರಿ 45 ಸಾವಿರದ ಹತ್ತಿರ ಕೈಯಿಂದ ಹೋಗಿತ್ತು. ಲೆಕ್ಕ ನೀವೇ ಹಾಕಿ. ದುಡ್ಡಿಗಿಂತ ಬೇಸರ ತಂದದ್ದು ಅಲ್ಲಿನ ಬಿಳಿ ಗೋಡೆ, ಸ್ಪಾಟ್ ಲೈಟು. ನನ್ನ ಹುತ್ತಗಳು ಅಲ್ಲಿ ಒಣಗಿ ಬಡಕಲಾಗಿ ಕಂಡವು.

ಅದೇ ವರ್ಷ, ಸಿಡಿದದ್ದೆಂದು ಅಂಗಳದ ಮೂಲೆಗೆ ಎಸೆದಿದ್ದ ತುಂಡುಗಳು ಮಳೆಗೆ ನೆನೆದು ಹಸಿರು ಹಾವಸೆ ಕಟ್ಟಿದ್ದವು. ತೂತುಗಳಲ್ಲಿ ಪುಟ್ಟ ಜರಿಗಿಡ ಬೇರೆ. ಶೆಡ್ಡಿನೊಳಗಿನ ಎಲ್ಲಕ್ಕಿಂತ ಅವೇ ಚಂದ. ಇದು ಇಟ್ಟಿಗೆ ಅಂತ ಬೈದಿದ್ದರಲ್ವಾ, ಇಟ್ಟಿಗೆಯ ಹಾಗೆ ನೀರು ಹೀರುವುದರಿಂದಲೇ ಹಾವಸೆ ಹಿಡಿಯುವುದು. ಹಾಗಾದರೆ ಇವನ್ನು ಮಳೆಯಲ್ಲೇ, ಹೊರಗೇ ತೋರಿಸಬೇಕು ಅಂತ ನಿಶ್ಚಯ ಮಾಡಿದೆ. ಈಗ ಬೇಗ ಹಾವಸೆ ಬರಿಸಲು ಒಂದು ನೀರು ಹಚ್ಚುತ್ತೇನೆ. ಮಜ್ಜಿಗೆ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ, ನನ್ನದು ಮಜ್ಜಿಗೆ ಅಲ್ಲ. ಅಷ್ಟು ಸಾಕು.

ಸೋಣವನ್ನೇ ಆರಿಸಿದ್ದಕ್ಕೆ ಕಾರಣ ಮನೆ ಹಿಂದಿನ ಪದವು. ಆ ಹೊತ್ತಿಗೆ ಮುರಕಲ್ಲಿನ ಮೇಲೆ ತೆಳ್ಳಗೆ ನೀರು ನಿಂತು, ನೀಲಿ ಹೂವು ಹಾಸಿಕೊಳ್ಳುತ್ತದೆ. ಮಲಯಾಳದವರು ಕಾಕ್ಕಪ್ಪೂವು ಅಂತ ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಇಡುವ ಹೂವು, ಯುಟ್ರಿಕ್ಯುಲೇರಿಯಾ. ನೋಡಲು ಪಾಪದ್ದು, ಕೆಸರಿನಡಿಯ ಸಣ್ಣ ಚೀಲಗಳಲ್ಲಿ ಜೀವ ಹಿಡಿದು ತಿನ್ನುತ್ತದೆ. ಬಂದವರನ್ನು ಮೊದಲು ಅಲ್ಲಿಗೆ ಕರಕೊಂಡು ಹೋಗಿ, ಕಲ್ಲಿನ ತೂತಿಗೆ ಬೆರಳು ಹಾಕಿಸಿ, ಆಮೇಲೆ ತೋಟಕ್ಕೆ ಇಳಿಸುತ್ತೇನೆ. ಅಡಿಕೆ ಮರಗಳ ಬುಡದಲ್ಲಿ, ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ಬಾಯಲ್ಲಿ ಶಿಲ್ಪಗಳಿರುತ್ತವೆ. ಬೆಲೆ ಚೀಟಿ ಇಡುವುದಿಲ್ಲ, ಮಳೆಗೆ ನಿಲ್ಲುವುದೂ ಇಲ್ಲ. ಬಂದವರು ತಾವೇ ಕೇಳುತ್ತಾರೆ. ಸಣ್ಣವು 500-600, ದೊಡ್ಡವು 12 ಸಾವಿರದವರೆಗೆ.

ಮೊದಲ ವರ್ಷ ನೆಂಟರು, ಪಕ್ಕದ ಮನೆಯವರು ಬಂದು ಅವಲಕ್ಕಿ ತಿಂದು ಹೋದರು, ಅಷ್ಟೇ. ಆದರೆ ಅವರಲ್ಲೊಬ್ಬ ಅಜ್ಜಿ ಸುರಂಗದ ಪಕ್ಕದ ದೊಡ್ಡ ಹುತ್ತದ ಎದುರು ಚಪ್ಪಲಿ ಬಿಟ್ಟು ನಿಂತರು. ಇದು ಮಾಡಿದ್ದು ಅಂತ ಹೇಳಿದೆ. "ಮಾಡಿದ್ದಾದರೂ ಒಳಗೆ ಯಾರಿದ್ದಾರೆ ನೋಡಿದ್ದೀಯಾ?" ಅಂದರು. ಮರುದಿನ ಅದರ ಮೇಲೆ ಕೇಪಳ ಹೂವಿತ್ತು. ಅದನ್ನು ಮಾರಲಿಲ್ಲ, ಮಾರುವುದೂ ಇಲ್ಲ. ಒಬ್ಬರು 25 ಸಾವಿರ ಕೊಡುತ್ತೇನೆಂದರು, ಆದರೂ.

ನಡುವೆ ಅಡ್ಡ ಪ್ರಯೋಗಗಳೂ ಆದವು. ಕಣ್ವತೀರ್ಥದ ಸಮುದ್ರದ ನೀರಲ್ಲಿ ತೆಂಗಿನ ನಾರು ನೆನೆಸಿ, ಒಣಗಿಸಿ, ಶಿಲ್ಪಕ್ಕೆ ಸುತ್ತಿ ಗುಂಡಿಯಲ್ಲಿ ಸುಟ್ಟರೆ ಒಳ್ಳೆ ಕಿತ್ತಳೆ ಗೆರೆ ಬೀಳುತ್ತದೆ. ಗೇರು ಬೀಜದ ಸಿಪ್ಪೆಯಲ್ಲಿ ಸುಟ್ಟರೆ ಕಪ್ಪು ಅಂದರೆ ಕಪ್ಪು, ಆದರೆ ಆ ಎಣ್ಣೆ ಹೊಗೆಗೆ ಊರೇ ಕೆಮ್ಮಿತು, ಸಿಪ್ಪೆ ಮುಟ್ಟಿದ ಕೈಯ ಚರ್ಮ ಸುಲಿಯಿತು. ಅಡಿಕೆ ಸಿಪ್ಪೆಯ ಬೂದಿಯ ಗ್ಲೇಝ್ (ಗಾಜಿನಂಥ ಲೇಪ) ಅರ್ಧಕ್ಕೆ ನಿಂತಿದೆ. ಅದಕ್ಕೆ 1200 ಡಿಗ್ರಿ ಬೇಕು, ನನ್ನ ಮಣ್ಣು ಅಲ್ಲಿಗೆ ಬರುವುದಿಲ್ಲ.

ಈ ಸೋಣದ ಲೆಕ್ಕ ಹೀಗೆ: ಬಂದದ್ದು 1.8 ಲಕ್ಷದ ಹತ್ತಿರ, ಮಕ್ಕಳಿಗೆ ಮಣ್ಣಿನ ಆಟ ಆಡಿಸಿದ್ದರ ಫೀಸೂ ಸೇರಿ. ಗ್ಯಾಸು, ಟಾರ್ಪಾಲು, ಚಹಾ-ತಿಂಡಿ, ಸಹಾಯಕ್ಕೆ ಬಂದ ಹುಡುಗರ ಸಂಬಳ, ಎಲ್ಲ 40 ಸಾವಿರದೊಳಗೆ. ಕಮಿಷನ್ ಸೊನ್ನೆ, ಕ್ರೇಟು ಸೊನ್ನೆ, ಕೊಂಡವರೇ ಕಾರಿನಲ್ಲಿ ಹೊತ್ತುಕೊಂಡು ಹೋದರು. ಇಟ್ಟಿಗೆ ಅಂದಿದ್ದ ಸ್ನೇಹಿತರೂ ಬಂದು ಎರಡು ಕೊಂಡರು, ರಿಯಾಯಿತಿ ಕೇಳಿದರು, ಕೊಡಲಿಲ್ಲ. ಈಗಿರುವ ತಲೆನೋವು ಪಾರ್ಕಿಂಗ್. ತೋಟದ ದಾರಿಯಲ್ಲಿ ಕಾರು ಹೂತು ಟ್ರ್ಯಾಕ್ಟರ್ ತರಿಸಬೇಕಾಯಿತು. ಮುಂದಿನ ವರ್ಷಕ್ಕೆ ಮುಖ್ಯರಸ್ತೆ ಬದಿಯ ಗುಡ್ಡೆಯಲ್ಲಿ ಜಾಗ ಕೇಳಿದ್ದೇನೆ, ಅಲ್ಲಿಂದ ಕೊಡೆ ಹಿಡಿದು ನಡೆದೇ ಬರಬೇಕು.