ಇರಿಡಿಯಂ ಪ್ಲಗ್ ಹಾಕಿದೆ, ನಡುಕ ನಿಂತಿತು

ಶಿರಾಡಿ ಘಾಟ್ ಹತ್ತುವಾಗ ನಮ್ಮ ಹಳೇ ಪೆಟ್ರೋಲ್ ಕಾರು ಮೂರನೇ ಗೇರಿನಲ್ಲಿ ಜರ್ಕ್ ಹೊಡೆಯುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿತ್ತು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ತುದಿಯ ಅಂಚು ಸವೆದು ಗುಂಡಗಾಗಿತ್ತು. 1.1 ಮಿ.ಮೀ. ಇರಬೇಕಾದ ಗ್ಯಾಪ್ (ಕಿಡಿ ಹಾರುವ ಸಂದು) 1.5 ಆಗಿತ್ತು. ಅಷ್ಟು ದೂರ ಕಿಡಿ ಹಾರಿಸಲು ಪ್ಲಗ್‌ಗೆ ವೋಲ್ಟೇಜ್ ಕೊಡುವ ಕಾಯಿಲ್ ತಿಣುಕಬೇಕು, ಅದರಲ್ಲೂ ಏರಿನಲ್ಲಿ.

ಮ್ಯಾನುಯಲ್‌ನಲ್ಲಿದ್ದ ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಅನ್ನುವ ಅಳತೆ) ನೋಡಿಕೊಂಡೇ, ತುದಿಯಲ್ಲಿ ಇರಿಡಿಯಂ ಲೋಹ ಇರುವ ಪ್ಲಗ್ ತಂದೆ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿದೆ. ಪ್ಲಗ್ ಅಡ್ಡಡ್ಡ ಹತ್ತಿ ಇಂಜಿನ್‌ನ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋದರೆ ಆಗುವ ಖರ್ಚಿನ ಮುಂದೆ ಪ್ಲಗ್ ದುಡ್ಡು ಏನೂ ಅಲ್ಲ!

ನಡುಕ, ಜರ್ಕ್ ಎರಡೂ ನಿಂತವು. ಪಿಕಪ್ ಜಾಸ್ತಿ ಆಯ್ತಾ? ಇಲ್ಲ. ಕಳೆದುಹೋಗಿದ್ದು ವಾಪಸ್ ಬಂತು, ಅಷ್ಟೇ. ಮಾಮೂಲಿ ನಿಕಲ್ ಪ್ಲಗ್ ಹೊಸದು ಹಾಕಿದ್ದರೂ ಹೀಗೇ ಓಡುತ್ತಿತ್ತು ಅನ್ನಿಸುತ್ತದೆ. ಇರಿಡಿಯಂ ಬಾಳಿಕೆ ಜಾಸ್ತಿ, ನಾನು ದುಡ್ಡು ಕೊಟ್ಟಿದ್ದು ಅದಕ್ಕೆ.